ತಿದ್ದದೆ ಕಳಿಸಿದ ಕರಡು

ನಮ್ಮ ಯಜಮಾನರು ಹೋದ ಮೇಲೂ ಅವರ ಫೋನನ್ನು ನಾನು ಆರಿಸಲಿಲ್ಲ. ಗ್ಯಾಸ್ ಬುಕ್ ಮಾಡಿದರೆ, ಬ್ಯಾಂಕಿನಲ್ಲಿ ಏನಾದರೂ ಬದಲಾಯಿಸಿದರೆ, ಓಟಿಪಿ ಬರುವುದು ಆ ನಂಬರಿಗೇ. ದಿನಾ ಬೆಳಿಗ್ಗೆ ನನ್ನ ಫೋನನ್ನೂ ಅವರ ಫೋನನ್ನೂ ಅಕ್ಕಪಕ್ಕ ಚಾರ್ಜಿಗೆ ಹಾಕುತ್ತಿದ್ದೆ. ಅದರಲ್ಲಿ ಪ್ರೀತಿ ಗೀತಿ ಏನೂ ಇರಲಿಲ್ಲ. ಹಾಗೆ ನೋಡಿದರೆ ಆ ಮೂರು ತಿಂಗಳು ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ಕೆನ್ನೆ ಹೇಗಿರುತ್ತದೋ ಹಾಗಿತ್ತು ಮೈಯೆಲ್ಲ. ಬಂದವರು ಅತ್ತರು. ನಾನು ಅವರಿಗೆ ಕಾಫಿ ಕೊಟ್ಟೆ.

ಅನ್ನಿಸುತ್ತಿದ್ದದ್ದು ಒಂದೇ, ಸಿಟ್ಟು. ಅದೂ ಆ ಕೆಂಪು ಅಂಕಿಯ ಮೇಲೆ. ಅವರ ಫೋನಿನಲ್ಲಿ ಲಕೋಟೆಯ ಚಿತ್ರವಿರುವ ಮೇಲ್ ಆ್ಯಪ್ ಇತ್ತಲ್ಲ, ಅದರ ತಲೆಯ ಮೇಲೆ ಓದದೆ ಉಳಿದ ಪತ್ರಗಳ ಸಂಖ್ಯೆ. ನೂರ ಎಂಬತ್ತು, ಇನ್ನೂರ ಹತ್ತು, ಇನ್ನೂರ ಹದಿನಾಲ್ಕು. ಸತ್ತವರಿಗೆ ರಕ್ತಪರೀಕ್ಷೆಯಲ್ಲಿ ರಿಯಾಯಿತಿ ಕೊಡುತ್ತೇವೆ ಬನ್ನಿ ಎಂದು ಯಾವನೋ ಬರೆಯುತ್ತಾನೆ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಹೇಳಿಕೊಟ್ಟವಳು ನಾನು. ನೋಡದೆ ಉಳಿದ ಉತ್ತರಪತ್ರಿಕೆಯ ಕಟ್ಟು ಮೇಜಿನ ಮೇಲಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಆ ಲಕೋಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ತೆಗೆಯಬೇಕೆ ಎಂದು ಕೇಳಿತು. ತೆಗಿ ಎಂದೆ. ಹೋಯಿತು. ಕಾಫಿ ಆರುವ ಮುಂಚೆ ಕೆಲಸ ಮುಗಿದಿತ್ತು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ವಿಲ್ಸನ್ ಗಾರ್ಡನ್‌ನಿಂದ ಭಾವನವರ ಫೋನು ಬಂತು. ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ತಮ್ಮನ ವೈಕುಂಠ ಸಮಾರಾಧನೆ ಆದಂದಿನಿಂದ ಪ್ರತಿ ಭಾನುವಾರವೂ ಅದೇ ಹೊತ್ತಿಗೆ ಅದೇ ಪ್ರಶ್ನೆ.

"ಅದು ಸಿಕ್ತೇನಮ್ಮ?"

ಆಗ ನನಗೆ ಹೊಳೆಯಿತು. ಅವರು ಕೇಳುತ್ತಿದ್ದ 'ಅದು' ಇದ್ದದ್ದು ಆ ಲಕೋಟೆಯೊಳಗೆ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಅಲ್ಲಿ ಯಾವ ಪತ್ರವೂ ನೇರವಾಗಿ ಹೋಗುವುದಿಲ್ಲ. ಮೊದಲು ಕರಡು ಬರೆಯಬೇಕು, ಮೇಲಿನವರ ಮುಂದೆ ಇಡಬೇಕು, ಅವರು ತಿದ್ದಿ ಸಹಿ ಹಾಕಿದ ಮೇಲೆ ರವಾನೆ. ಆ ಅಭ್ಯಾಸ ಮನೆಗೂ ಬಂತು. ನಿವೃತ್ತಿಯ ಮೇಲೆ ಇಮೇಲ್ ಕಲಿತರು, ಆದರೆ ಒಂದನ್ನೂ ತಾವಾಗಿ ಕಳಿಸಿದವರಲ್ಲ. ಬರೆದು ಡ್ರಾಫ್ಟಿನಲ್ಲಿ ಇಡುವುದು, ಫೋನನ್ನು ನನ್ನ ಮುಂದೆ ಹಿಡಿಯುವುದು.

"ಕರಡು ಇಟ್ಟಿದೀನಿ. ಮೇಡಂ ಅನುಮೋದಿಸ್ಬೇಕು."

ನಾನು ಒಲೆಯ ಮುಂದಿದ್ದರೂ ಸರಿ, ಕನ್ನಡಕ ಏರಿಸಿ ನೋಡಿ, ಇಲ್ಲಿ ದೀರ್ಘ ಬರಬೇಕು, ಅಲ್ಲಿ ಇಷ್ಟು ಬಗ್ಗಬೇಕಾಗಿಲ್ಲ, ನೀರಿನ ಬಿಲ್ಲಿನ ದೂರಿಗೆ 'ತಮ್ಮ ಅವಗಾಹನೆಗೆ' ಯಾಕ್ರೀ ಎಂದು ಬೈದು ತಿದ್ದಿಸುತ್ತಿದ್ದೆ. ತಿದ್ದದೆ ಬಿಟ್ಟ ಕರಡು ಒಂದೂ ಇಲ್ಲ. ಅವರಿಗೂ ಅದರಲ್ಲಿ ಸುಖವಿತ್ತು. ತಪ್ಪು ಸಿಗದಿದ್ದರೆ ಸರಿಯಾಗಿ ನೋಡಿಲ್ಲ ನೀನು ಎನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಭಾವನವರ ಮಗಳ ಮದುವೆಯಾಯಿತು. ಆಗ ಭಾವನವರಿಗೆ ಮಂಡಿ ಆಪರೇಷನ್ ಆಗಿತ್ತು. ಹಾಗಾಗಿ ನೆಂಟರಿಗೆಲ್ಲ ಲಗ್ನಪತ್ರಿಕೆಯನ್ನು ಇಮೇಲ್‌ನಲ್ಲಿ ಕಳಿಸಿ, ಫೋನಿನಲ್ಲಿ ಕರೆದರು. ನಮಗೂ ಹಾಗೆಯೇ. ಬೇರೆಯವರು ಸರಿ, ಒಡಹುಟ್ಟಿದ ತಮ್ಮನ ಮನೆಗೆ? ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೆಯಲು ಮನೆಯಲ್ಲಿ ಇನ್ಯಾರೂ ಇರಲಿಲ್ಲವೆ, ವಾರಗಿತ್ತಿಗೆ ಏನು ಬಂದಿತ್ತು, ಆಟೋ ಸಿಗುತ್ತಿರಲಿಲ್ಲವೆ? ನನಗೆ ಮೂಗಿನ ತುದಿಯಲ್ಲೇ ಕೋಪ.

"ಇಮೇಲ್‌ನಲ್ಲಿ ಕರೆದೋರ ಮನೆಗೆ ಇಮೇಲ್‌ನಲ್ಲೇ ಹೋಗ್ಬನ್ನಿ," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ಹಿಂದೆಗೆಯುವ ಗುಣ ನನ್ನದಲ್ಲ. ನಾವು ಹೋಗಲಿಲ್ಲ. ಮದುವೆಯ ದಿನ ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅನ್ನ, ಹುರುಳಿಕಾಯಿ ಹುಳಿ ಮಾಡಿದೆ. ಅವರು ಬಂದು ಊಟ ಮಾಡಿದರು. ಅಲ್ಲಿಂದಾಚೆಗೆ ಅಣ್ಣತಮ್ಮಂದಿರ ನಡುವೆ ಹೋಗಿ ಬರುವುದಿರಲಿ, ಹಬ್ಬಕ್ಕೊಂದು ಫೋನೂ ನಿಂತಿತು. ನಾನು ಅದಕ್ಕೂ ಏನೂ ಅನ್ನಲಿಲ್ಲ.

ಅವರು ಕುಸಿದು ಬೀಳುವುದಕ್ಕೆ ಒಂದು ವಾರ ಮುಂಚೆ, ನಾನು ಸೊಪ್ಪು ಬಿಡಿಸುತ್ತಿದ್ದಾಗ ಬಂದು ನಿಂತರು.

"ಅಣ್ಣಂಗೆ ಒಂದು ಕರಡು ಹಾಕಿದೀನಿ. ನೋಡ್ತೀಯಾ?"

"ಆಮೇಲೆ ನೋಡ್ತೀನಿ."

"ಇವತ್ತೇ ಅಂತೇನಿಲ್ಲ," ಎಂದು ಒಳಗೆ ಹೋದರು.

ಮರುದಿನವೂ ಕೇಳಲಿಲ್ಲ, ಅದರ ಮರುದಿನವೂ ಕೇಳಲಿಲ್ಲ. ಮೇಲಿನವರಿಗೆ ನೆನಪೋಲೆ ಹಾಕುವ ಧೈರ್ಯ ಅವರಿಗೆ ಕಚೇರಿಯಲ್ಲೂ ಇರಲಿಲ್ಲ. ನಾನು ನೋಡಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಭಾವ ಕೋಲೂರಿಕೊಂಡು ಬಂದಿದ್ದರು. ಎಲೆಯ ಮುಂದೆ ಕೂತವರು ಅನ್ನ ಕಲಸಲಿಲ್ಲ. "ಅವ್ನು ನನ್ನ ವಿಷ್ಯ ಏನಾದ್ರೂ ಮಾತಾಡ್ತಿದ್ನೇನಮ್ಮ?" ಎಂದು ಕೇಳಿದರು. ಏನು ಹೇಳಲಿ? ನಿಮಗೊಂದು ಪತ್ರ ಬರೆದಿಟ್ಟಿದ್ದಾರೆ, ಕಳಿಸುತ್ತೇನೆ ಎಂದೆ. ಅಂದದ್ದೇ ತಪ್ಪಾಯಿತು. ಆ ಪತ್ರ ತೆರೆಯಲು ನನಗೆ ಕೈ ಬರಲಿಲ್ಲ. ಅದರಲ್ಲಿ ನನ್ನ ಮೇಲೆ ಏನು ಬರೆದಿದ್ದಾರೋ ಎಂಬ ಹೆದರಿಕೆ, ಇನ್ನೇನಿಲ್ಲ. ಇವಳು ಬಿಡಲಿಲ್ಲ ಅಣ್ಣ ಎಂದು ಬರೆದಿದ್ದರೆ ಅದು ನಿಜವೇ ತಾನೆ? ಭಾನುವಾರ ಭಾನುವಾರ ನೋಡ್ತೀನಿ ಭಾವ, ನೋಡ್ತೀನಿ ಎಂದು ತಳ್ಳಿದೆ.

ಈಗ ಲಕೋಟೆಯೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಹಗುರ ಎನ್ನಿಸಿತು. ಸಿಗಲಿಲ್ಲ ಎಂದುಬಿಟ್ಟರೆ ಮುಗಿಯಿತಲ್ಲ. ಆದರೆ ಭಾವ ಅವತ್ತು ಫೋನ್ ಇಡಲಿಲ್ಲ.

"ಬೈದಿದ್ರೂ ಪರ್ವಾಗಿಲ್ಲ ಕಣಮ್ಮ. ಅವ್ನು ನಂಗೇಂತ ಬರ್ದಿದ್ದು ಅದೊಂದೇ ಅಲ್ವಾ. ನಾನು ಎಷ್ಟು ದಿನ ಇರ್ತೀನಿ."

ಹುಡುಕುತ್ತೇನೆ ಎಂದೆ. ಈ ಸಲ ನಿಜವಾಗಿ ಹುಡುಕಿದೆ. ಫೋನನ್ನು ಆರಿಸಿ ಹಚ್ಚಿದೆ. ಆ್ಯಪ್ ಸಿಗುವ ಸ್ಟೋರಿಗೆ ಹೋಗಿ ಮೇಲ್ ಎಂದು ಬರೆದರೆ ಒಂದಲ್ಲ ಎರಡಲ್ಲ, ನೀಲಿ ಲಕೋಟೆ, ಕೆಂಪು ಲಕೋಟೆ, ರೆಕ್ಕೆ ಇರುವ ಲಕೋಟೆ. ಒಂದನ್ನು ಹಾಕಿಕೊಂಡೆ. ಅದು ತೆರೆದ ಕೂಡಲೇ ಯಾವುದೋ ಚಿನ್ನದಂಗಡಿಯ ಜಾಹೀರಾತು ಕುಣಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರನ್ನು ನೋಡಿಯೇ.

ಸೋಮವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದಕ್ಕೆ ಹೋದೆ. ಗಲ್ಲಾದ ಹಿಂದೆ ಒಬ್ಬಳು ಹೆಂಗಸು, ನಲವತ್ತೈದಾದರೂ ಆಗಿರಬೇಕು, ನನ್ನನ್ನು ಆಂಟಿ ಎಂದಳು. ನುಂಗಿಕೊಂಡೆ.

"ಇದು ಫೋನ್ ಜೊತೆಗೇ ಬಂದಿರೋ ಆ್ಯಪ್ ಆಂಟಿ. ತೆಗೆದ್ರೂ ವಾಪಸ್ ಹಾಕ್ಕೋಬಹುದು. ಹೊಸ ಆ್ಯಪ್ ಆದ್ರೆ ಗೆಟ್ ಅಂತ ಬರುತ್ತೆ. ಮುಂಚೆ ಇದ್ದಿದ್ದಕ್ಕೆ ನೋಡಿ, ಈ ಥರ ಮೋಡ, ಕೆಳಗೊಂದು ಬಾಣ. ಇದೇ ನಿಮ್ದು."

"ಒಳಗಿದ್ದ ಪತ್ರ?"

"ಆ್ಯಪ್ ಬರುತ್ತೆ. ಒಳಗಿದ್ದಿದ್ದು ನಾನು ಹೇಳಕ್ಕಾಗಲ್ಲ. ಡ್ರಾಫ್ಟ್ ಕಂಪನಿಯೋರ ಸರ್ವರ್‌ಗೆ ಹೋಗಿದ್ರೆ ಬರುತ್ತೆ. ಫೋನಲ್ಲಿ ಮಾತ್ರ ಇದ್ದಿದ್ರೆ ಹೋದಂಗೇ. ಪಾಸ್‌ವರ್ಡ್ ಹೇಳಿ."

ಪಾಸ್‌ವರ್ಡ್ ನನಗೆಲ್ಲಿ ಗೊತ್ತು? ಆಟೋ ಹಿಡಿದು ಮನೆಗೆ ಬಂದೆ. ಅವರ ಕಪಾಟಿನಲ್ಲಿ ಟೇಪು ಕಟ್ಟಿದ ಕಂದು ಬಣ್ಣದ ಒಂದು ಕಡತ, ಮೇಲೆ 'ಗೌಪ್ಯ' ಎಂದು ಕೆಂಪು ಶಾಯಿಯಲ್ಲಿ. ಒಳಗೆ ಮನೆಯ ಪಾಸ್‌ವರ್ಡುಗಳೆಲ್ಲ ಕ್ರಮಸಂಖ್ಯೆ ಹಾಕಿ, ಷರಾ ಕಾಲಂ ಸಮೇತ. ಇಮೇಲ್‌ನದು ಏಳನೆಯದು. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಗೌಪ್ಯ ಎಂದಮೇಲೆ ಗೌಪ್ಯ. ಆ ಅಕ್ಷರ ನೋಡಿಯೂ ನನಗೆ ಅಳು ಬರಲಿಲ್ಲ. ಕಡತವನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಆಟೋ ಹತ್ತಿದೆ.

ಆ ಹೆಂಗಸು ಪಾಸ್‌ವರ್ಡ್ ಹಾಕಿದಳು. ಲಕೋಟೆ ಮರಳಿ ಬಂತು. ಒಳಗೆ ಖಾಲಿ. ಅವಳು ಬೇರೆ ಗಿರಾಕಿಯ ಫೋನಿಗೆ ಗಾಜು ಅಂಟಿಸತೊಡಗಿದಳು, ನಾನು ಸ್ಟೂಲಿನ ಮೇಲೆ ಕೂತೆ. ಪತ್ರಗಳು ಒಂದೊಂದಾಗಿ ಇಳಿಯತೊಡಗಿದವು, ರಕ್ತಪರೀಕ್ಷೆಯವನೇ ಮೊದಲು. ಡ್ರಾಫ್ಟ್ ಎಂಬಲ್ಲಿ ಬಹಳ ಹೊತ್ತು ಏನೂ ಇರಲಿಲ್ಲ. ಎದ್ದು ಹೊರಡೋಣ ಎಂದುಕೊಳ್ಳುವಾಗ ಒಂದು ಎಂಬ ಅಂಕಿ ಕಾಣಿಸಿತು.

ಮನೆಗೆ ಬಂದು, ಕೈಕಾಲು ತೊಳೆದು, ಕನ್ನಡಕ ಹಾಕಿಕೊಂಡು ತೆರೆದೆ. ನಾಲ್ಕು ವರ್ಷದ ಹಿಂದಿನ ಲಗ್ನಪತ್ರಿಕೆಯ ಇಮೇಲ್‌ಗೇ ಉತ್ತರವಾಗಿ ಬರೆದಿದ್ದರು.

'ವಿಷಯ: ಮದುವೆಗೆ ಬಾರದಿದ್ದ ಬಗ್ಗೆ. ಉಲ್ಲೇಖ: ತಮ್ಮ ಆಮಂತ್ರಣ. ಅಣ್ಣನಿಗೆ ನಮಸ್ಕಾರಗಳು. ಮೇಲ್ಕಂಡ ಆಮಂತ್ರಣಕ್ಕೆ ಉತ್ತರಿಸಲು ತಡವಾದುದಕ್ಕೆ ವಿಷಾದಿಸುತ್ತೇನೆ. ಮದುವೆಗೆ ಹೋಗೋಣವೆಂದು ಇವಳು ಬಹಳ ಹೇಳಿದಳು. ಮನೆಗೆ ಬಂದು ಕರೆಯಲಿಲ್ಲವೆಂಬ ಸಿಟ್ಟಿನಿಂದ ನಾನೇ ಬೇಡವೆಂದೆ. ಇದರಲ್ಲಿ ಇವಳದು ಯಾವ ತಪ್ಪೂ ಇರುವುದಿಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಮನೆಗೆ ಬರಬಹುದೇ, ತಿಳಿಸುವುದು.'

ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ತಿದ್ದಬೇಕಾದ ವಾಕ್ಯಗಳು ಯಾವುವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳು ಅಲ್ಲಿಗೆ ಹೋಗಲಿಲ್ಲ. ಅವರು ಬರೆದದ್ದು, ಹಾಗೇ ಇರಲಿ ಎಂದುಕೊಂಡೆ. ಅದು ನೆಪ. ನನ್ನ ತಪ್ಪು ನನ್ನ ಕೈಯಿಂದ ಬರೆಯುವುದಕ್ಕೆ ನಾಚಿಕೆಯಾಯಿತು. ಹಾಗೇ ಕಳಿಸಿಬಿಟ್ಟೆ. ನಮ್ಮ ಮನೆಯಿಂದ ತಿದ್ದದೆ ಹೋದ ಕರಡು ಅದೊಂದೇ.

ಭಾನುವಾರ ಹನ್ನೆರಡಕ್ಕೆ ಫೋನು ಬಂತು.

"ಬಂತಮ್ಮ. ಎರಡು ಸಲ ಓದ್ದೆ," ಎಂದರು ಭಾವ. "ನಾವು ಇಷ್ಟು ವರ್ಷ ನಿನ್ನ ಮೇಲೇ ತಪ್ಪು ತಿಳ್ಕೊಂಡಿದ್ವಿ. ನೀನು ಹೋಗೋಣ ಅಂದಿದ್ಯಂತೆ. ಮನಸ್ಸಲ್ಲಿ ಇಟ್ಕೋಬೇಡ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅವ್ನೇ ಬೇಡ ಅಂದ ಅಂತ ನಂಗೆ ಗೊತ್ತಿರ್ಲಿಲ್ಲ. ಇರ್ಲಿ. ಅವ್ನಿಗೂ ಅಷ್ಟೊಂದು ಕೋಪ ಇತ್ತು ಅಂದ್ರೆ... ಇರ್ಲಿ ಬಿಡು."

ಆ 'ಇರ್ಲಿ ಬಿಡು' ನನಗೆ ಗೊತ್ತಿರುವ ದನಿ. ನಪಾಸಾದ ಮಕ್ಕಳು ಅಂಕಪಟ್ಟಿ ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾ ಹೀಗೇ ಹೇಳುತ್ತಿದ್ದರು, ಇರ್ಲಿ ಬಿಡಿ ಮಿಸ್. ನನ್ನನ್ನು ಕಾಪಾಡಲು ನಮ್ಮ ಯಜಮಾನರು ಬರೆದ ಸುಳ್ಳು ಹೋಗಿ ಅವರ ಅಣ್ಣನಿಗೇ ತಗುಲಿತ್ತು. ನಾನು ತಿದ್ದುತ್ತೇನೆ ಎಂದು ನಂಬಿ ಅವರು ಹಾಗೆ ಬರೆದಿದ್ದರೋ ಏನೋ.

"ಭಾವ, ಅದು ನಿಜ ಅಲ್ಲ," ಎಂದೆ. "ಬೇಡ ಅಂದಿದ್ದು ನಾನು. ಅವ್ರು ಬರೋಕೆ ರೆಡಿಯಾಗಿದ್ರು."



"ರೆಡಿ ಅಂದ್ರೆ?"

"ಬೆಳಿಗ್ಗೆ ಏಳಕ್ಕೇ ಸ್ನಾನ ಮಾಡಿದ್ರು. ಪಂಚೆ ಉಟ್ಟು, ಶಲ್ಯ ಹಾಕ್ಕೊಂಡು, ಹಾಲಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ರು. ನಾನು ಮಾತಾಡಿಸ್ಲಿಲ್ಲ. ಮಧ್ಯಾಹ್ನ ಒಂದು ಗಂಟೆ ಹೊಡೆದ್ಮೇಲೆ ಎಲ್ಲಾ ಬಿಚ್ಚಿ ಮಡಿಚಿಟ್ಟು ಊಟಕ್ಕೆ ಬಂದ್ರು."

"ಯಾವ ಪಂಚೆ?"

"ಅವ್ರ ಅರವತ್ತರ ಶಾಂತಿಗೆ ನೀವು ಕೊಟ್ಟಿದ್ರಲ್ಲ, ಜರಿ ಅಂಚಿಂದು. ಅದೇ."

ಭಾವ ಫೋನನ್ನು ಬಾಯಿಂದ ದೂರ ಹಿಡಿದು ಒಳಗಿದ್ದ ಹೆಂಡತಿಯನ್ನು ಕೂಗಿದ್ದು ಕೇಳಿಸಿತು.

"ಲೇ, ಬಾರೇ ಇಲ್ಲಿ. ಅವ್ನು ಹೊರಟು ಕೂತಿದ್ನಂತೆ ಕಣೇ. ನಾನು ಕೊಟ್ಟ ಪಂಚೆ ಉಟ್ಕೊಂಡು ಕೂತಿದ್ನಂತೆ."

ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು, ಅಳುತ್ತಲೂ ಇದ್ದರು. ನಾನು ಫೋನನ್ನು ಕಿವಿಯಿಂದ ತೆಗೆಯದೆ ಹಾಲಿಗೆ ಹೋದೆ. ಅವತ್ತು ಅವರು ಕೂತಿದ್ದ ಕುರ್ಚಿಯಲ್ಲಿ, ಬಾಗಿಲಿಗೆ ಮುಖ ಮಾಡಿ ಕೂತೆ. ಗಡಿಯಾರದಲ್ಲಿ ಒಂದು ಗಂಟೆ ಹೊಡೆದರೂ ಏಳಲಿಲ್ಲ.