ಒಂದೇ ಬದಿಗೆ ನಿಂತ ನೀರು

ಕಾರ್ತಿಕದ ಆ ಶನಿವಾರ ದೇವದುರ್ಗದ ನಮ್ಮ ಮನೆಯಿಂದ ಚೀಕಲಪರ್ವಿಗೆ, ಸೋದರಮಾವನ ಊರಿಗೆ ಹೋಗಿದ್ದೆ. ಸೋಮವಾರ ರಾಯಚೂರಿನಲ್ಲಿ ನನ್ನ ಪಿಎಚ್‌ಡಿ ಪ್ರಬಂಧ ಸಲ್ಲಿಸಬೇಕಿತ್ತು. ಗಣಿತದಲ್ಲಿ ನನ್ನ ವಿಷಯ, ಯಾರೂ ಗೆರೆ ಎಳೆದು ಕೊಡದ ಅಂಚುಗಳು. ನಿಂತ ನೀರು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನೀರೇ ತೀರ್ಮಾನಿಸುವಂಥವು. ಪ್ರಬಂಧದಲ್ಲಿ ಎರಡು ಮಾತು ಸಾಧಿಸಿದ್ದೆ: ಎರಡನೇ ಅಧ್ಯಾಯದಲ್ಲಿ, ಅಂಥ ಅಂಚು ಎಲ್ಲೂ ಮುರಿಯದೆ ನಯವಾಗಿರುತ್ತದೆ; ಮೂರನೇದರಲ್ಲಿ, ಸುತ್ತಲಿನದೆಲ್ಲ ದುಂಡಗಿದ್ದರೆ ಅಂಚೂ ದುಂಡಗಿರುತ್ತದೆ.

ಸಂಜೆ ಮೋಡ ಕವಿಯಿತು. ಕಣದಲ್ಲಿ ಭತ್ತದ ರಾಶಿ ಇತ್ತು. ಹರಿದು ಬರುವ ನೀರು ಬುಡ ಮುಟ್ಟಬಾರದೆಂದು ಮಾವ ತನ್ನ ರೂಢಿಯಂತೆ ರಾಶಿಯ ಸುತ್ತ, ಒಂದು ಮಾರು ಬಿಟ್ಟು, ತುಂಬಿದ ಚೀಲಗಳನ್ನು ದುಂಡಗೆ ಪೇರಿಸಿದ. ರಾಶಿಯ ನೆತ್ತಿಯಿಂದ ಚೀಲಗಳವರೆಗೆ ತಾಡಪತ್ರಿ ಎಳೆದು ಕಟ್ಟಿದ. ನಡುವಿನ ತಗ್ಗಿನಲ್ಲಿ ನೀರು ನಿಂತೀತು ಎಂದು ಅತ್ತೆ ಅಂದಳು. ನಿಂತರೂ ಬಳೆಯಂತೆ ಸುತ್ತಲೂ ತೆಳ್ಳಗೆ ನಿಲ್ಲುತ್ತದೆ ಎಂದೆ. ಅದು ನನ್ನ ಮೂರನೇ ಅಧ್ಯಾಯದ ಮಾತೇ ಆಗಿತ್ತು.

ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಕಣಕ್ಕೆ ಹೋದವಳು ನಿಂತಲ್ಲೇ ನಿಂತೆ. ಬಳೆ ಇರಲಿಲ್ಲ. ನೀರೆಲ್ಲ ಬಡಗಣ ಬದಿಗೆ ಒಂದೇ ಹೊಂಡವಾಗಿ, ತಾಡಪತ್ರಿ ಬಸುರಿ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದಿತ್ತು. ಉಳಿದ ಕಡೆ ಬರೀ ಒದ್ದೆ.

"ಕಣ ಆ ಕಡಿ ಇಳಿಜಾರ ಅದ ಏನ್ ಮಾವ?"

"ಇಳಿಜಾರ ಇದ್ರ ಅಲ್ಲಿ ರಾಶಿ ಹಾಕ್ತಿದ್ನೇನವ್ವಾ?"

ಇಳಿಜಾರೇ ಇರಲಿ, ನನ್ನ ಅಧ್ಯಾಯ ಉಳಿಯಲಿ ಎಂದು ನಾನು ಆಸೆಪಡುತ್ತಿದ್ದೆ. ನೀರು ಚೆಲ್ಲಿ, ತಾಡಪತ್ರಿ ಬಿಗಿದು, ಕೊಡಗಳಿಂದ ಸುತ್ತಲೂ ಸಮನಾಗಿ ಸುರಿದೆವು. ತುಸು ಹೊತ್ತು ಬಳೆಯಂತೆಯೇ ನಿಂತಿತು. ಆಮೇಲೆ ಕಣ್ಣೆದುರೇ ಮೂಡಣಕ್ಕೆ ಸರಿದು ಹೊಂಡವಾಯಿತು. ಖಾಲಿ ಮಾಡಿ ಮತ್ತೆ ಸುರಿದರೆ ತೆಂಕಣಕ್ಕೆ. ದಿನಚರಿಯಲ್ಲಿ ದಿಕ್ಕುಗಳ ಎದುರು ಗೀಟು ಹಾಕುತ್ತ ಹೋದೆ; ಯಾವ ದಿಕ್ಕಿಗೂ ಹೆಚ್ಚು ಗೀಟು ಬೀಳಲಿಲ್ಲ. ಇಳಿಜಾರಿದ್ದರೆ ಪ್ರತಿ ಸಲ ಒಂದೇ ಕಡೆ ಹೋಗಬೇಕಿತ್ತು. ಎಲ್ಲೋ ಒಂದು ಹನಿ ಹೆಚ್ಚಾದ ಕಡೆ ತಾಡಪತ್ರಿ ತಗ್ಗುತ್ತದೆ, ತಗ್ಗಿದ ಕಡೆಗೆ ಇನ್ನಷ್ಟು ನೀರು ಬರುತ್ತದೆ, ಇನ್ನೂ ತಗ್ಗುತ್ತದೆ.

ಮೂರನೇ ಅಧ್ಯಾಯದಲ್ಲಿ, ಸಮೀಕರಣಕ್ಕೆ ಪರಿಹಾರ ಒಂದೇ ಇರುವುದರಿಂದ ಅದನ್ನು ಹೇಗೆ ತಿರುಗಿಸಿದರೂ ಅದೇ ಬರಬೇಕು, ಆದ್ದರಿಂದ ಅದು ದುಂಡಗೆ ಎಂದು ಬರೆದಿದ್ದೆ. ಪರಿಹಾರ ಒಂದೇ ಎಂಬುದನ್ನು ಮಾತ್ರ ಎಲ್ಲೂ ಸಾಧಿಸಿರಲಿಲ್ಲ. ಓದಿದವರಾರೂ ಕೇಳಿರಲಿಲ್ಲ.

ರಾಯಚೂರಿನ ಗೈಡ್ ಮೇಡಂಗೆ ಫೋನ್ ಮಾಡಿದೆ.

"ನಾಳೆ ಕೊಡಂಗಿಲ್ಲರಿ ಮೇಡಂ. ಮೂರನೇ ಅಧ್ಯಾಯ ಸುಳ್ಳ ಅದ."

ನಡೆದದ್ದನ್ನೆಲ್ಲ ಹೇಳಿದೆ. ಅವರು, ಹೊಂಡದ ಅಂಚು ಎಲ್ಲಾದರೂ ಮುರಿದಿದೆಯೇ ಎಂದು ಕೇಳಿದರು. ಬಗ್ಗಿ ನೋಡಿದೆ, ಇಲ್ಲ, ನಯವಾಗಿತ್ತು.

"ಹಂಗಾದ್ರ ಎರಡನೇ ಅಧ್ಯಾಯ ಇಟ್ಕೋ. ಮೂರನೇದು ತಗಿ."

ತೆಗೆದರೆ ಸಲ್ಲಿಸುವಷ್ಟು ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಫೋನ್ ಇಟ್ಟೆ. ಮಾವ ಆಗಲೇ ಹೊಂಡ ಖಾಲಿ ಮಾಡಿ ಮತ್ತೊಂದು ಕೊಡ ತಂದಿದ್ದ.

"ಈ ಸಲ ಎತ್ತಾಗ ಹೋಗ್ತದ, ಹೇಳು."

ಎತ್ತಾಗಾದರೂ ಹೋದೀತು ಎಂದು, ಗೀಟು ಹಾಕಲು ದಿನಚರಿ ತೆರೆದೆ.