ದೋಸೆ ಹಿಟ್ಟಿನಲ್ಲಿ ಕೈ ತೊಳೆದ ರಕೂನ್

ನಾನು ಕೆಲಸಕ್ಕೆಂದು ಕಾಸೆಲ್‌ಗೆ ಬಂದ ಮೇಲೆ ಫ್ರಾಂಕ್‌ಫರ್ಟ್‌ನ ನನ್ನ ಕಾಲೇಜು ಗೆಳೆಯ ಫೋನ್ ಮಾಡಿದಾಗಲೆಲ್ಲ ನನ್ನ ಕ್ಷೇಮಕ್ಕಿಂತ ಮೊದಲು ರಕೂನುಗಳನ್ನು ವಿಚಾರಿಸುತ್ತಿದ್ದ. ಈ ಊರಿನ ರಕೂನುಗಳು ಜರ್ಮನಿಗೆಲ್ಲ ಪ್ರಸಿದ್ಧ. ಬೆಕ್ಕಿಗಿಂತ ತುಸು ದೊಡ್ಡ ಮೈ, ಪಟ್ಟೆ ಬಾಲ, ಕಣ್ಣಿನ ಸುತ್ತ ಕಳ್ಳನ ಮುಖವಾಡದಂಥ ಕಪ್ಪು, ತಿನ್ನುವುದನ್ನೆಲ್ಲ ನೀರಲ್ಲಿ ಅದ್ದಿ ತೊಳೆಯುವ ಅಭ್ಯಾಸ. ಕಾಡಿನಲ್ಲಿರಬೇಕಾದವು ಇಲ್ಲಿ ಅಟ್ಟ, ಚಿಮಣಿ, ಗ್ಯಾರೇಜುಗಳಲ್ಲಿ ಬಾಡಿಗೆಯಿಲ್ಲದೆ ವಾಸವಾಗಿವೆ. ಅವು ಹತ್ತದಿರಲೆಂದು ಎಷ್ಟೋ ಮನೆಗಳ ಮಳೆನೀರಿನ ಪೈಪಿಗೆ ನುಣುಪಾದ ತಗಡು ಸುತ್ತಿರುತ್ತಾರೆ. ಆದರೂ ನನ್ನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ.

"ಮಗಾ, ಕಾಸೆಲ್‌ನಲ್ಲಿದ್ದು ರಕೂನ್ ನೋಡಿಲ್ಲ ಅನ್ನೋದು, ಫ್ರಾಂಕ್‌ಫರ್ಟ್‌ನಲ್ಲಿದ್ದು ಬ್ಯಾಂಕ್ ನೋಡಿಲ್ಲ ಅಂದ ಹಾಗೆ. ನಾನೇ ಬರ್ತೀನಿ," ಎಂದ.

ಜೂನ್ ತಿಂಗಳ ಒಂದು ಶನಿವಾರ ಬಂದೇಬಿಟ್ಟ. ಕೊರಳಲ್ಲಿ ಕ್ಯಾಮೆರಾ, ಅದಕ್ಕೆ ಸೋರೆಕಾಯಿ ಗಾತ್ರದ ಲೆನ್ಸ್. ಆಗ ಮೈಸೂರಿನಿಂದ ಬಂದ ನನ್ನ ದೊಡ್ಡಮ್ಮ ನನ್ನ ಜೊತೆಗಿದ್ದರು. ಈ ಚಳಿ ದೇಶದಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲವೆಂಬ ಚಿಂತೆಯೊಂದನ್ನು ಬಿಟ್ಟರೆ ಅವರಿಗೆ ಇಲ್ಲಿ ಬೇರೆ ತೊಂದರೆಯಿರಲಿಲ್ಲ. ಅಂದು ಒಳ್ಳೆಯ ಬಿಸಿಲು. ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ ಬಾಲ್ಕನಿಯಲ್ಲಿಟ್ಟು, "ನೀವು ಬರೋ ಹೊತ್ತಿಗೆ ಉಬ್ಬಿರುತ್ತೆ, ಹೋಗಿ ಬನ್ನಿ," ಎಂದು ಕಳಿಸಿದರು.

ನದಿ ಪಕ್ಕದ ದೊಡ್ಡ ಪಾರ್ಕಿನಲ್ಲಿ ಹಳೆಯ ಓಕ್ ಮರಗಳಿವೆ. ಅವುಗಳ ಪೊಟರೆಗಳಲ್ಲಿ ರಕೂನುಗಳು ಹಗಲು ಮಲಗುತ್ತವೆಂದು ಕೇಳಿದ್ದೆ. ಪೊಟರೆ ಪೊಟರೆಗೂ ಕತ್ತೆತ್ತಿ ಕತ್ತು ನೋವು ಬಂತು. ಒಂದು ಕಡೆ ಗೆಳೆಯ ಮೊಣಕೈ ಹಿಡಿದು ನಿಲ್ಲಿಸಿದ.

"ಅಲ್ಲಾಡಬೇಡ ಗುರು. ಬೂದು ಬಣ್ಣ, ಕೂದಲು ಕಾಣ್ತಾ ಇದೆ."

ಉಸಿರು ಬಿಗಿಹಿಡಿದು ಒಂದೇ ಸಮನೆ ಫೋಟೋ ತೆಗೆದ. ನಾಯಿ ಕರೆದುಕೊಂಡು ಬಂದ ಒಬ್ಬರು ನಿಂತು ನೋಡಿ, ಅದು ಯಾರೋ ಚಳಿಗಾಲದಲ್ಲಿ ಕಳೆದುಕೊಂಡ ಉಣ್ಣೆಯ ಟೋಪಿ ಎಂದರು. ರಕೂನ್ ಬೇಕಿದ್ದರೆ ಪಾರ್ಕಿಗೆ ಬರಬಾರದು, ಮುಸ್ಸಂಜೆಗೆ ನಿಮ್ಮ ಮನೆಯ ಬಿಯೋಟೋನೆ ಪಕ್ಕ ಕೂರಬೇಕು ಎಂಬ ಸಲಹೆಯನ್ನೂ ಕೊಟ್ಟರು. ಬಿಯೋಟೋನೆ ಎಂದರೆ ತರಕಾರಿ ಸಿಪ್ಪೆ ಹಾಕುವ ಡಬ್ಬ. ಅಷ್ಟರಲ್ಲಿ ದೊಡ್ಡಮ್ಮನ ಫೋನ್ ಬಂತು.

"ಬೇಗ ಮನೆಗೆ ಬಾ. ಯಾರ ಮನೆ ಮಗುವೋ ಹಿಟ್ಟಿಗೆ ಕೈ ಹಾಕಿದೆ."

"ಮಗುವಾ? ನೀವು ನೋಡಿದ್ರಾ?"

"ನಾನು ಮಲಗಿದ್ದೆ ಕಣೋ. ಆದ್ರೆ ಅಂಗೈ ಗುರುತು ಇದೆಯಲ್ಲ, ಪುಟ್ಟ ಪುಟ್ಟದು. ಕಂಬಿ ಮೇಲೆಲ್ಲ ಒತ್ತಿದೆ. ಹೆತ್ತವರು ಹೇಗೆ ಬೆಳೆಸಿದಾರೋ."

ನಮ್ಮದು ಮೊದಲ ಮಹಡಿ. ಹೊರಗಿನಿಂದ ಯಾವ ಮಗುವೂ ಅಲ್ಲಿಗೆ ಹತ್ತಲಾರದು. ನಾನೂ ಗೆಳೆಯನೂ ಮುಖ ನೋಡಿಕೊಂಡು ಟ್ರಾಮಿಗೆ ಓಡಿದೆವು.

ಬಾಲ್ಕನಿಯಲ್ಲಿ ತಟ್ಟೆ ಮಗುಚಿ ಬಿದ್ದಿತ್ತು. ಹಿಟ್ಟಿನಲ್ಲಿ ಯಾರೋ ಮನಸಾರೆ ಕೈ ತೊಳೆದಂತಿತ್ತು. ಕಂಬಿಯ ಮೇಲೆ, ಗೋಡೆಯ ಮೇಲೆ ಬಿಳಿಯ ಐದು ಬೆರಳಿನ ಗುರುತು. ನಮ್ಮ ಪೈಪಿಗೆ ತಗಡು ಸುತ್ತಿರಲಿಲ್ಲ. ಗುರುತುಗಳು ಅದರ ಮೇಲೇ ಇಳಿದು, ಅಂಗಳ ದಾಟಿ, ಕೆಳಗಿನ ಮನೆಯ ಅಜ್ಜಿಯ ತೋಟದ ಮರದ ಶೆಡ್‌ವರೆಗೆ ಸಾಗಿದ್ದವು.

ಈ ಅಜ್ಜಿಗೆ ಇಡೀ ಕಟ್ಟಡವೇ ಹೆದರುತ್ತಿತ್ತು. ಡಬ್ಬದ ಮುಚ್ಚಳಕ್ಕೆ ಬೆಲ್ಟ್ ಬಿಗಿಯದಿದ್ದರೆ ಅವರು ಮೆಟ್ಟಿಲಲ್ಲೇ ಅಡ್ಡಗಟ್ಟಿ, ನಿಮ್ಮಂಥವರಿಂದಲೇ ರಕೂನ್ ಹೆಚ್ಚುವುದು ಎಂದು ಬೈಯುತ್ತಿದ್ದರು. ನಾವು ಮೂವರೂ ಗುರುತು ಹಿಡಿದು ಹೋದಾಗ ಶೆಡ್ಡಿನ ಬಾಗಿಲಿಗೆ ಎರಡೂ ಕೈ ಚಾಚಿ ನಿಂತುಬಿಟ್ಟರು.

"ನೈನ್. ಪ್ರಿವಾಟ್." ಅಂದರೆ, ಇಲ್ಲ, ಇದು ಖಾಸಗಿ ಜಾಗ.

ದೊಡ್ಡಮ್ಮನಿಗೆ ಜರ್ಮನ್ ಬಾರದು, ಎತ್ತರವೂ ಕಡಿಮೆ. ಅಜ್ಜಿಯ ತೋಳಿನ ಕೆಳಗೆ ನುಸುಳಿ ಒಳಗೆ ಇಣುಕಿದರು. ಹಳೆಯ ಸೋಫಾದ ಮೇಲೆ ತಾಯಿ ರಕೂನ್ ಮಲಗಿತ್ತು. ಮುಂಗೈ ಇನ್ನೂ ಬೆಳ್ಳಗೆ. ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿ. ಪಕ್ಕದಲ್ಲಿ ಹೂವಿನ ಚಿತ್ರದ ಪಿಂಗಾಣಿ ಬಟ್ಟಲು, ಅದರಲ್ಲಿ ದ್ರಾಕ್ಷಿ.

"ಅಯ್ಯೋ, ಬಾಣಂತಿ ಕಣೋ," ಎಂದರು ದೊಡ್ಡಮ್ಮ ಮೆಲ್ಲಗೆ.

ಗೆಳೆಯ ಕ್ಯಾಮೆರಾ ಎತ್ತಿದ. ದೊಡ್ಡಮ್ಮ ಸೆರಗಿನಿಂದ ಲೆನ್ಸ್ ಮುಚ್ಚಿದರು. "ಬಾಣಂತಿ ಕೋಣೇಲಿ ಫೋಟೋ ತೆಗೀತಾರೇನೋ? ಆಚೆ ನಡಿ."

"ದೊಡ್ಡಮ್ಮ, ಅದಕ್ಕೇ ಇನ್ನೂರು ಕಿಲೋಮೀಟರ್ ಬಂದಿದೀನಿ."

"ಬಂದಿದೀಯಲ್ಲ, ನೋಡಿದೀಯಲ್ಲ, ಸಾಕು."

ಅಜ್ಜಿ ನನ್ನ ಕಡೆ ತಿರುಗಿ, ಇವು ತಮ್ಮವಲ್ಲ, ದ್ರಾಕ್ಷಿ ಕೂಡ ತಮ್ಮದಲ್ಲ ಎಂದರು. ಹೀಗನ್ನುವಾಗ ಕೆನ್ನೆ ಕೆಂಪಾಗಿತ್ತು. ಆಮೇಲೆ ದೊಡ್ಡಮ್ಮನತ್ತ ಬೆರಳು ಮಾಡಿ, ಅವರು ಏನು ಹೇಳಿದರೆಂದು ನನ್ನನ್ನು ಕೇಳಿದರು. ನಾನು ಅನುವಾದಿಸಿದೆ. ಬಾಣಂತಿ ಎಂಬುದಕ್ಕೆ ಜರ್ಮನ್ ಶಬ್ದ ಸಿಗದೆ ತುಸು ಒದ್ದಾಡಿದೆ. ಅಜ್ಜಿಯ ತೋಳು ನಿಧಾನವಾಗಿ ಕೆಳಗಿಳಿಯಿತು. ದೊಡ್ಡಮ್ಮ ಮೇಲೆ ಹೋಗಿ, ಬಾಣಂತಿಗೆ ಉದ್ದು ಒಳ್ಳೆಯದೆಂದು ಉಳಿದ ಹಿಟ್ಟನ್ನು ಪಾತ್ರೆ ಸಮೇತ ತಂದು ಬಟ್ಟಲಿನ ಪಕ್ಕದಲ್ಲಿಟ್ಟರು. ಸಂಜೆ ನಾವು ಉಪ್ಪಿಟ್ಟು ತಿಂದೆವು. ಟೋಪಿಯ ಫೋಟೋಗಳನ್ನು ಹೊತ್ತು ಗೆಳೆಯ ರೈಲು ಹತ್ತಿದ.

ಮರುದಿನ ಅಜ್ಜಿ ಚೆರ್ರಿ ಕೇಕ್ ಹಿಡಿದು ಬಂದರು. ಶೆಡ್ಡಿನ ವಿಷಯ ಕಟ್ಟಡದಲ್ಲಿ ಯಾರಿಗೂ ಹೇಳಬಾರದೆಂದು ಕೇಳಿಕೊಂಡರು. ಕೇಕಿಗೆ ಮೊಟ್ಟೆ ಹಾಕಿದಾರಾ ಕೇಳು ಎಂದರು ಮೊಟ್ಟೆ ಮುಟ್ಟದ ದೊಡ್ಡಮ್ಮ. ಕೇಳಿದೆ. ಹೌದು, ಮೂರು. ದೊಡ್ಡಮ್ಮ ಮನಸ್ಸು ನೋಯಿಸಬಾರದೆಂದು ಅಜ್ಜಿಯ ಎದುರೇ ಮೇಲಿನ ಚೆರ್ರಿಗಳನ್ನಷ್ಟೇ ಒಂದೊಂದಾಗಿ ಕಿತ್ತು, ನಲ್ಲಿಯಲ್ಲಿ ಚೆನ್ನಾಗಿ ತೊಳೆದು ತಿಂದರು.