ಆನೆ ತಳ್ಳಿದರೂ ಜಗ್ಗದ ಚಿಲಕ

ಬೀಗದಣ್ಣ ಅಂದರೆ ಆ ಬಡಾವಣೆಗೆಲ್ಲ ಗೊತ್ತು. ಇಪ್ಪತ್ತಾರು ವರ್ಷ ಊರವರ ಬೀಗ, ಚಿಲಕ ಹಾಕಿದವನು, ಕೆಟ್ಟರೆ ತೆಗೆದವನು. ಕೈಯಷ್ಟೇ ಬಾಯಿಯೂ ಚುರುಕು. "ಊರಿಗೆಲ್ಲ ಬೀಗ ಹಾಕ್ತೀರಿ, ನಿಮ್ಮ ಬಾಯಿಗೊಂದು ಹಾಕ್ಕೊಳ್ಳಿ" ಎಂದು ಹೆಂಡತಿ ದಿನಕ್ಕೆರಡು ಸಲ ರೇಗಿಸುತ್ತಿದ್ದಳು. ಅಂಥವನು ಒಂದು ಮಂಗಳವಾರ ಮಧ್ಯಾಹ್ನ ಮನೆಗೆ ಬಂದು ಕೂತವನು ತುಟಿಪಿಟಕ್ಕೆನ್ನಲಿಲ್ಲ.

ಆಗಿದ್ದಿಷ್ಟು. ಒಂಟಿಯಾಗಿದ್ದ ನಿವೃತ್ತ ನರ್ಸಮ್ಮ ಎರಡು ದಿನದಿಂದ ಕಾಣುತ್ತಿಲ್ಲವೆಂದು ಪೊಲೀಸರು ಅವನನ್ನು ಕರೆಸಿದ್ದರು. ಮುಂಬಾಗಿಲು ತೆಗೆದ, ಆಮೇಲೆ ಬಚ್ಚಲುಮನೆಯದನ್ನು ಕೊರೆದು ತೆಗೆದ. ಜಾರಿ ಬಿದ್ದ ನರ್ಸಮ್ಮ ಬಾಗಿಲ ಪಕ್ಕದಲ್ಲೇ ಸತ್ತಿದ್ದರು. ಚಿಲಕ ಎಟುಕದೆ, ಬಾಗಿಲ ಕೆಳಗಿನ ಬಣ್ಣವನ್ನೆಲ್ಲ ಉಗುರಿನಿಂದ ಕೆರೆದಿದ್ದರು. ಪೊಲೀಸರು ಇವನಿಂದ ಒಂದು ಸಹಿ ಹಾಕಿಸಿಕೊಂಡು, "ನೀನು ಹೊರಡಪ್ಪ" ಎಂದರು. ಹೊರಡಬೇಕಂತೆ. ಅದನ್ನು ಕಂಡವನು ಎಲ್ಲಿಗೆ ಅಂತ ಹೊರಡಬೇಕು?

ಭಾನುವಾರ ಹೆಂಡತಿ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದಾಗ ಮನೆಯ ಹನ್ನೊಂದು ಚಿಲಕಗಳೂ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. "ಚಿಲಕ ಇದ್ರೆ ತಾನೆ ಒಳಗೆ ಸಿಕ್ಕಿಹಾಕ್ಕೊಳ್ಳೋದು" ಎಂದ ಅವನು. ಅವಳು ಸ್ನಾನಕ್ಕೆ ಹೋದರೆ ಹೊರಗೆ ನಿಂತು, "ಇದ್ದೀಯಾ? ಇದ್ದೀಯಾ?" ಎಂದು ಪ್ರಾಣ ತಿನ್ನುತ್ತಿದ್ದ. ಮೂರು ವಾರ ಸಹಿಸಿದಳು. ಒಂದು ಬೆಳಿಗ್ಗೆ ಬಾಗಿಲಿಗೆ ಸ್ಟೂಲು ಒತ್ತಿಟ್ಟು, ಉತ್ತರ ಕೊಡದೆ ತಲೆ ಉಜ್ಜಿಕೊಳ್ಳುತ್ತಿದ್ದಳು. ಅವನು ಭುಜ ಕೊಟ್ಟು ನುಗ್ಗಿದ. ಬಾಗಿಲಂಚು ಬಡಿದು ಅವಳ ಹಣೆ ಒಡೆಯಿತು. "ಬದುಕಿದ್ದೀಯಲ್ಲ, ಬದುಕಿದ್ದೀಯಲ್ಲ" ಎನ್ನುತ್ತ ನಿಂತಿದ್ದವನಿಗೆ, ಅವಳು ದಂಗಾಗಿ ನೋಡಿದ ಮೇಲೆಯೇ ತಾನು ನಗುತ್ತಿದ್ದೇನೆಂದು ತಿಳಿದದ್ದು.

"ಆಸ್ಪತ್ರೆಗೆ ಬರ್ತೀರೋ, ನಾನು ಅಕ್ಕನ ಮನೆಗೆ ಹೋಗ್ಲೋ?" ಎಂದಳು, ಹಣೆಗೆ ಬಟ್ಟೆ ಒತ್ತಿಕೊಂಡು.

"ನಂಗೇನು ಹುಚ್ಚಾ?"

"ಹುಚ್ಚಾಗಿದ್ರೆ ಕೇಳ್ತಿರಲಿಲ್ಲ. ಕಟ್ಟಿ ಎಳ್ಕೊಂಡು ಹೋಗ್ತಿದ್ದೆ."

ಆಸ್ಪತ್ರೆಯ ಆಪ್ತಸಮಾಲೋಚಕಿ ವಯಸ್ಸಾದವರು. ಕೋಣೆಯ ಬಾಗಿಲು ಹಾಕಲು ಅವರು ಎದ್ದರೆ ಇವನೂ ಎದ್ದ.

"ತೆಗೆದಿದ್ರೆ ಹೊರಗಿರೋ ನಿಮ್ಮ ಮನೆಯವರಿಗೆ ಕೇಳಿಸುತ್ತೆ. ಪರವಾಗಿಲ್ವಾ?"

"ತೆಗೆದೇ ಇರ್ಲಿ."

ಅವರು ಬಾಗಿಲಿಗೆ ತಮ್ಮ ಕೈಚೀಲ ಅಡ್ಡ ಇಟ್ಟರು. ಎರಡು ವಾರ ಅವನು ಬೀಗಗಳ ಬಗ್ಗೆಯೇ ಕೊರೆದ. ಮೂರನೇ ವಾರ ಅವರು ಕೇಳಿದರು, "ಆ ಬಚ್ಚಲ ಚಿಲಕ ಹೇಗಿತ್ತು?"

"ಆರಿಂಚಿಂದು. ಹೊಸದು. ಬಿಗಿ."

"ಯಾರು ಹಾಕಿದ್ದು?"

ಅವನು ನೆಲ ನೋಡಿದ. "ನಾನೇ. ಎಂಟು ದಿನ ಮುಂಚೆ. ಒಬ್ಬಳೇ ಇರ್ತೀನಿ, ಗಟ್ಟಿಯಾಗಿ ಹಾಕಪ್ಪ ಅಂದ್ರು. ಆನೆ ತಳ್ಳಿದ್ರೂ ಜಗ್ಗಲ್ಲಮ್ಮ ಅಂದೆ. ನಕ್ಕು ಟೀ ಕೊಟ್ರು."

ಹೊರಗೆ ಹೆಂಡತಿಯ ಕೈಯಿಂದ ನೀರಿನ ಬಾಟಲಿ ಬಿದ್ದ ಸದ್ದಾಯಿತು. ಅವಳಿಗೂ ಅವನು ಇದನ್ನು ಹೇಳಿರಲಿಲ್ಲ.

"ಅವರು ಜಾರಿದ್ದು ಚಿಲಕದಿಂದಾನಾ?" ಎಂದರು ಸಮಾಲೋಚಕಿ. "ಮನಸ್ಸಿಗೆ ಬಿದ್ದ ಪೆಟ್ಟು ಇದು. ನಿಮ್ಮ ಮೈ ಇನ್ನೂ ಆ ಬಾಗಿಲ ಮುಂದೆಯೇ ನಿಂತಿದೆ. ನಿಧಾನಕ್ಕೆ ಕರ್ಕೊಂಡು ಬರೋಣ."

ನಿಧಾನವೆಂಬುದು ಹೆಂಡತಿಗೆ ಗೊತ್ತಿದ್ದರೆ ತಾನೆ. ಮರುದಿನ ಬೆಳಿಗ್ಗೆ ಡಬ್ಬಿಯಿಂದ ಒಂದು ಚಿಲಕ ತೆಗೆದು, ಬಚ್ಚಲ ಬಾಗಿಲಿಗೆ ತಾನೇ ತಿರುಪು ಬಿಗಿದು ಸ್ನಾನಕ್ಕೆ ಹೋದಳು. ಅವನು ಹೊರಗೆ ಬೆವರುತ್ತ ನಿಂತ. ನೀರಿನ ಸದ್ದು ನಿಂತಿತು.

"ರೀ" ಎಂದಿತು ಒಳಗಿನಿಂದ ಸಣ್ಣ ದನಿ. "ಇದು ಬರ್ತಿಲ್ಲ."

ಅವನ ಭುಜ ತಾನಾಗಿ ಬಾಗಿಲಿಗೆ ಹೋಯಿತು. ಬಾಗಿಲ ಹಿಂದೆಯೇ ಅವಳ ಹಣೆ ಇದೆ ಎಂಬುದು ನೆನಪಾಗಿ ನಿಂತ.

"ಬಾಗಿಲನ್ನ ನನ್ನ ಕಡೆಗೆ ಒತ್ತಿ ಹಿಡಿ. ಹಾಂ. ಈಗ ಚಿಲಕ ಸ್ವಲ್ಪ ಮೇಲೆತ್ತಿ ಎಳಿ." ಅದು ಅವನ ಕೆಲಸದ ದನಿ. ಕೇಳಿ ಅವನೇ ಬೆಚ್ಚಿದ.

ಚಿಲಕ ಸರಿಯಿತು. ಅವಳು ಒದ್ದೆ ತಲೆಯಲ್ಲಿ ಹೊರಬಂದಳು. "ಸೊಟ್ಟ ಹಾಕಿದ್ದೆ ಅನ್ಸುತ್ತೆ."

ಅವನು ಹೊಸ್ತಿಲ ಮೇಲೆ ಕುಸಿದು ಕೂತು, ಆ ಮಂಗಳವಾರದಿಂದ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತ.

"ನರ್ಸಮ್ಮ ಕರೆದಿರ್ತಾರೆ ಕಣೆ. ನಂಗೆ ಕೇಳಿಸ್ಲಿಲ್ಲ."

"ಕೇಳಿಸೋ ಹಾಗಿರಲಿಲ್ಲ" ಎಂದಳು ಹೆಂಡತಿ, ಪಕ್ಕದಲ್ಲಿ ಕೂತು. "ಕೇಳಿಸಿದ್ರೆ ತೆಗೀತಿದ್ರಿ."